ಹಸಿರು ಚುಕ್ಕಿ ಸಾಲದು: ಕಾಸರಗೋಡಿನ ತಿಂಡಿ ಘಟಕಕ್ಕೆ ವೀಗನ್ ಗುರುತು

ತೆಂಗಿನ ಹಾಲಿನ ಪುಡಿಯ ಪೊಟ್ಟಣ ತಿರುಗಿಸಿ ಹಿಂಬದಿಯ ಸಣ್ಣ ಅಕ್ಷರ ಓದಿ. ಹಲವು ಕಂಪೆನಿಗಳ ಪುಡಿಯಲ್ಲಿ ಮೂರು ಹೆಸರು ಸಿಗುತ್ತವೆ: ತೆಂಗಿನ ಹಾಲು, ಮಾಲ್ಟೋಡೆಕ್ಸ್ಟ್ರಿನ್, ಸೋಡಿಯಂ ಕೇಸಿನೇಟ್. ಮೂರನೆಯದು ದನದ ಹಾಲಿನಿಂದ ತೆಗೆದ ಪ್ರೋಟೀನು. ಕಾಯಿಹಾಲನ್ನು ಬಿಸಿಗಾಳಿಯಲ್ಲಿ ಸಿಂಪಡಿಸಿ ಒಣಗಿಸುವಾಗ ಜಿಡ್ಡು ಹೊರಗೆ ಬಂದು ಪುಡಿ ಮುದ್ದೆ ಕಟ್ಟುತ್ತದೆ. ಹಾಗಾಗದಂತೆ ಜಿಡ್ಡಿನ ಹನಿಹನಿಯ ಸುತ್ತ ಪೊರೆ ಕಟ್ಟುವ ಕೆಲಸಕ್ಕೆ ಕೇಸಿನೇಟ್ ಹಾಕುತ್ತಾರೆ. ಪೊಟ್ಟಣದ ಮುಂದೆ ತೆಂಗಿನ ಚಿತ್ರ, ಮೂಲೆಯಲ್ಲಿ ಹಸಿರು ಚುಕ್ಕಿ. ಎರಡೂ ಕಾನೂನಿಗೆ ಸರಿಯೇ. ಆದರೆ ಆ ಪುಡಿ ಹಾಕಿದ ಯಾವ ತಿಂಡಿಯೂ ವೀಗನ್, ಅಂದರೆ ಹಾಲು, ಜೇನು ಸಹಿತ ಪ್ರಾಣಿಮೂಲದ ಏನೂ ಇಲ್ಲದ್ದು, ಆಗುವುದಿಲ್ಲ.

ಎಲ್ಲದಕ್ಕೂ ತೆಂಗು ಹಾಕುವ, ತೆಂಗಿನೆಣ್ಣೆಯಲ್ಲೇ ಕರಿಯುವ ಊರು ನಮ್ಮದು. ವೀಗನ್ ಗುರುತು ಇಲ್ಲಿ ಬರೀ ಕಾಗದದ ಕೆಲಸ ಅಂತ ತೋರುವುದು ಸಹಜ. ಬದಿಯಡ್ಕ, ಮುಳ್ಳೇರಿಯ, ಪೆರ್ಲ ಕಡೆಯ ಸಣ್ಣ ಘಟಕಗಳಲ್ಲಿ ಆಗುವುದು ಹೆಚ್ಚಾಗಿ ನೇಂದ್ರಕಾಯಿ ಚಿಪ್ಸ್, ಹಲಸಿನಕಾಯಿ ಚಿಪ್ಸ್, ಹಲಸಿನ ಹಪ್ಪಳ, ಬೆಲ್ಲದ ಪಾಕ ಹಿಡಿಸಿದ ನೇಂದ್ರ ಹೋಳುಗಳ ಶರ್ಕರ ಉಪ್ಪೇರಿ, ಹಲಸಿನಹಣ್ಣನ್ನು ಗಟ್ಟಿಗೆ ಕಾಯಿಸಿದ ಪೆರಟಿ, ಪುನರ್ಪುಳಿ ಶರಬತ್ತು, ಉಪ್ಪಿನಕಾಯಿ. ಹೆಸರು ನೋಡಿದರೆ ಒಂದರಲ್ಲೂ ಹಾಲಿಲ್ಲ. ಗುರುತು ಹಾಕಿಸುವ ಕೆಲಸಕ್ಕೆ ಕೂತ ಮೇಲೆ ನಮಗೆ ಗೊತ್ತಾದದ್ದು ಇಷ್ಟು: ತೊಂದರೆ ಇರುವುದು ಪದಾರ್ಥಗಳ ಪಟ್ಟಿಯಲ್ಲಲ್ಲ, ಪಟ್ಟಿಗೆ ಬಾರದ ವಸ್ತುಗಳಲ್ಲಿ.

ಮೊದಲು ಕಾನೂನು. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐಯ 2020ರ ಲೇಬಲ್ ನಿಯಮದಲ್ಲಿ ಮಾಂಸಾಹಾರ ಎಂದರೆ ಏನೆಂದು ಬರೆದಿದೆ. ಪ್ರಾಣಿ, ಹಕ್ಕಿ, ಮೀನು, ಮೊಟ್ಟೆ, ಪ್ರಾಣಿಮೂಲದ ಯಾವುದೇ ವಸ್ತು ಇದ್ದರೂ ಅದು ಮಾಂಸಾಹಾರ. ಹಾಲು, ಹಾಲಿನ ಉತ್ಪನ್ನ, ಜೇನು, ಜೇನುಮೇಣ, ಕಾರ್ನೌಬಾ ಮೇಣ, ಅರಗು ಇವಿಷ್ಟಕ್ಕೆ ವಿನಾಯಿತಿ. ಕಾರ್ನೌಬಾ ಒಂದು ತಾಳೆಜಾತಿಯ ಮರದ ಎಲೆಯ ಮೇಣ, ಅದನ್ನು ಈ ಸಾಲಿಗೆ ಯಾಕೆ ಸೇರಿಸಿದರೋ. ಅಂತೂ ತುಪ್ಪ, ಜೇನು, ಅರಗು ಇದ್ದ ತಿಂಡಿಗೂ ಹಸಿರು ಚುಕ್ಕಿ ಸಿಗುತ್ತದೆ. ವೀಗನ್ ನಿಯಮ ಇನ್ನೊಂದು ಜಾಡಿನದ್ದು. ಗುರುತನ್ನು 2021ರ ಸೆಪ್ಟೆಂಬರಿನಲ್ಲಿ ಬಿಡುಗಡೆ ಮಾಡಿದರು, ನಿಯಮಾವಳಿ ಅಧಿಸೂಚನೆಯಾದದ್ದು 2022ರ ಜೂನಿನಲ್ಲಿ. ಅದರ ಪ್ರಕಾರ ಪದಾರ್ಥ ಮಾತ್ರವಲ್ಲ, ಸೇರ್ಪಡೆಗಳು, ಸುವಾಸನೆ, ಕಿಣ್ವ, ಅವುಗಳನ್ನು ಬೆರೆಸಿಟ್ಟ ವಾಹಕ, ತಯಾರಿಯ ವೇಳೆ ಬಳಸಿ ಬಿಡುವ ಸಹಾಯಕ ವಸ್ತು, ಯಾವುದೂ ಯಾವ ಹಂತದಲ್ಲೂ ಪ್ರಾಣಿಮೂಲದ್ದಾಗಿರಬಾರದು. ತಯಾರಕರು ಆ ಆಹಾರವನ್ನು ಪ್ರಾಣಿಗಳ ಮೇಲೆ ಪರೀಕ್ಷೆ ಮಾಡಿಸಿರಲೂ ಬಾರದು.

"ಸಹಾಯಕ ವಸ್ತು" ಎನ್ನುವಲ್ಲೇ ನಮ್ಮ ಕಡೆಯ ಅಡುಗೆ ಸಿಕ್ಕಿಬೀಳುವುದು.

ಸಕ್ಕರೆ ಪಾಕ ಕುದಿಯುವಾಗ ಒಂದು ಚಮಚ ಹಾಲು ಬಿಟ್ಟರೆ ಕೊಳೆ ನೊರೆಯಾಗಿ ಮೇಲೆ ಬರುತ್ತದೆ, ಸೌಟಿನಲ್ಲಿ ತೆಗೆದು ಚೆಲ್ಲುತ್ತಾರೆ. ಇದು ಎಲ್ಲ ಅಡುಗೆಯವರಿಗೂ ಗೊತ್ತಿರುವ ಉಪಾಯ. ಹಾಲನ್ನು ತೆಗೆದುಹಾಕಿದ ಮೇಲೆ ಅದು ಪದಾರ್ಥವೇ ಅಲ್ಲ ಎಂದು ಅವರು ವಾದಿಸುತ್ತಾರೆ, ಪಟ್ಟಿಯಲ್ಲೂ ಬರೆದಿರುವುದಿಲ್ಲ. ಆದರೆ ವೀಗನ್ ಲೆಕ್ಕದಲ್ಲಿ ಆ ಒಂದು ಚಮಚಕ್ಕೇ ಇಡೀ ಬ್ಯಾಚು ಹೋಯಿತು. ಹಾಲಿಲ್ಲದೆಯೂ ಪಾಕ ತಿಳಿಯಾಗುತ್ತದೆ. ಸ್ವಲ್ಪ ನಿಂಬೆರಸ ಬಿಟ್ಟು, ಉರಿ ತಗ್ಗಿಸಿ, ನೊರೆ ಒಂದು ಬದಿಗೆ ಸರಿದಾಗ ತೆಗೆದು, ದಪ್ಪ ಬಟ್ಟೆಯಲ್ಲಿ ಸೋಸಿದರಾಯಿತು. ಸಮಯ ಹೆಚ್ಚು ಹಿಡಿಯುತ್ತದೆ ಎಂಬುದೊಂದೇ ತಕರಾರು.

ಬೆಲ್ಲದ್ದೂ ಹೀಗೆಯೇ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಉಕ್ಕಿ ಬರುವಾಗ ತಗ್ಗಿಸಲು ಒಂದಿಷ್ಟು ಜಿಡ್ಡು ಹಾಕುತ್ತಾರೆ. ಶೇಂಗಾ ಎಣ್ಣೆಯೋ ಹರಳೆಣ್ಣೆಯೋ ಆದರೆ ತೊಂದರೆಯಿಲ್ಲ, ಬೆಣ್ಣೆ ಹಾಕಿದರೆ ಆ ಬೆಲ್ಲ ನಮಗೆ ಬೇಡ. ಕೊಳೆ ತೆಗೆಯಲು ಬೆಂಡೆಗಿಡದ ಲೋಳೆ, ಸುಣ್ಣ ಬಳಸಿದರೆ ಅಡ್ಡಿಯಿಲ್ಲ. ಸಂತೆಯಲ್ಲಿ ಕೊಳ್ಳುವ ಬೆಲ್ಲಕ್ಕೆ ಈ ಪ್ರಶ್ನೆ ಕೇಳಲಾಗದು, ಆಲೆಮನೆಯವರ ಹೆಸರೇ ಗೊತ್ತಿರುವುದಿಲ್ಲ. ಹಾಗಾಗಿ ಬೆಲ್ಲವನ್ನು ಗೊತ್ತಿರುವ ಒಂದೇ ಕಡೆಯಿಂದ, ಲಾಟ್ ಸಂಖ್ಯೆ ಬರೆಸಿ ತರಿಸುವುದು ಬಿಟ್ಟರೆ ದಾರಿಯಿಲ್ಲ. ಸಕ್ಕರೆಯ ವಿಷಯದಲ್ಲಿ ಹೊರದೇಶದ ಖರೀದಿದಾರರು ಎಲುಬಿನ ಇದ್ದಿಲಿನ ಬಗ್ಗೆ ಕೇಳುತ್ತಾರೆ. ಕೆಲವು ದೇಶಗಳ ರಿಫೈನರಿಗಳು ಬಣ್ಣ ತೆಗೆಯಲು ಅದನ್ನು ಬಳಸುತ್ತವೆ. ನಮ್ಮ ಗಿರಣಿಗಳ ಸಾಮಾನ್ಯ ಬಿಳಿಸಕ್ಕರೆ ಸುಣ್ಣ ಮತ್ತು ಗಂಧಕದ ಹೊಗೆಯಿಂದ ತಿಳಿಯಾದದ್ದು. ಆದರೂ ಗಿರಣಿಯ ಲಿಖಿತ ಹೇಳಿಕೆ ಫೈಲಿನಲ್ಲಿರಬೇಕು.

ಇನ್ನು ತುಪ್ಪ. ಶರ್ಕರ ಉಪ್ಪೇರಿಯಲ್ಲಿ ಬೆಲ್ಲದ ಪಾಕ ಹಿಡಿದ ಹೋಳುಗಳು ಒಂದಕ್ಕೊಂದು ಅಂಟದಂತೆ ಕೊನೆಗೆ ಎರಡು ಚಮಚ ತುಪ್ಪ ಸುರಿದು ಕೆದಕುವ ರೂಢಿಯಿದೆ. ಪೆರಟಿ ಕಾಯಿಸುವಾಗ ತಳ ಹಿಡಿಯದಿರಲು ತುಪ್ಪ, ಹಲ್ವ ಹೊಯ್ಯುವ ತಟ್ಟೆಗೆ ಸವರಲು ತುಪ್ಪ, ಉರುಳಿಯ ಅಂಚಿಗೂ ತುಪ್ಪ. "ಸವರಿದ್ದು ಲೆಕ್ಕಕ್ಕಿಲ್ಲ" ಎಂದು ಅಡುಗೆಯವರು ತಿಳಿದಿರುತ್ತಾರೆ. ಈ ಜಾಗಗಳಿಗೆಲ್ಲ ತೆಂಗಿನೆಣ್ಣೆ ತಂದರೆ ಸಾಕು ಅನಿಸಬಹುದು, ಮುಕ್ಕಾಲು ಪಾಲು ಸಾಕು ಕೂಡ. ಕಾಲು ಪಾಲಿನಲ್ಲಿ ಎರಡು ತೊಡಕಿವೆ. ತೆಂಗಿನೆಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಟ್ಟಿಯಾಗುತ್ತದೆ. ಧನುರ್ಮಾಸದ ಬೆಳಗ್ಗೆ ಪೆರಟಿಯ ಮೇಲೆ ಬಿಳಿ ಚುಕ್ಕೆ ಮೂಡಿದಾಗ ಅಂಗಡಿಯವರು ಬೂಸಲು ಬಂದಿದೆ ಎಂದು ಮಾಲು ವಾಪಸು ಕಳಿಸುತ್ತಾರೆ. ಎಣ್ಣೆ ಕಡಿಮೆ ಮಾಡಿ, ಕೊನೆಗೆ ಸುರಿಯುವ ಬದಲು ಕಾಯುವ ಹಂತದಲ್ಲೇ ಸೇರಿಸಿ ಚೆನ್ನಾಗಿ ಮಗುಚಿದರೆ ಇದು ತಗ್ಗುತ್ತದೆ. ಎರಡನೆಯದು ಸಾಬೂನಿನ ರುಚಿ. ತೆಂಗಿನೆಣ್ಣೆಯ ಮುಖ್ಯ ಆಮ್ಲ ಲಾರಿಕ್. ತಿಂಡಿಯಲ್ಲಿ ತೇವ ಉಳಿದು ಬೂಸಲಿನ ಕಿಣ್ವ ಎಣ್ಣೆಯನ್ನು ಒಡೆದರೆ ಆ ಆಮ್ಲ ಬಿಡುಗಡೆಯಾಗಿ ನಾಲಿಗೆಗೆ ಸಾಬೂನು ಹತ್ತಿದಂತಾಗುತ್ತದೆ. ತುಪ್ಪದಲ್ಲಿ ಈ ರುಚಿ ಬರುವುದಿಲ್ಲ. ಆದ್ದರಿಂದ ತುಪ್ಪ ಬಿಟ್ಟ ಪೆರಟಿಯನ್ನು ಇನ್ನಷ್ಟು ಗಟ್ಟಿಗೆ ಕಾಯಿಸಬೇಕು. ಸಕ್ಕರೆಯಂಶ ಅಳೆಯುವ ರಿಫ್ರಾಕ್ಟೋಮೀಟರಿನಲ್ಲಿ 75 ಬ್ರಿಕ್ಸ್ ದಾಟಿದ ಮೇಲೆ ಇಳಿಸುವುದು, ಬಿಸಿಯಿರುವಾಗಲೇ ಒಣ ಡಬ್ಬಿಗೆ ತುಂಬುವುದು. ಚಮಚದಿಂದ ಎತ್ತಿ ನೋಡಿ ಹದ ಹೇಳುವವರ ಮೇಲೆ ನಮಗೆ ಗೌರವವಿದೆ, ಆದರೂ ಮೀಟರ್ ಇರಲಿ.

ಮಸಾಲೆಪುಡಿಯಷ್ಟು ಮೋಸ ಮಾಡುವ ಸರಕು ಬೇರೊಂದಿಲ್ಲ. ಉಪ್ಪು, ಅರಸಿನ ಹಾಕಿದ ಸಾದಾ ಚಿಪ್ಸಿಗೆ ಚಿಂತೆಯಿಲ್ಲ. ಟೊಮೆಟೊ, ಪುದಿನ, ಈರುಳ್ಳಿ ಎಂದು ಬರುವ ತಯಾರಿ ಮಸಾಲೆಯಲ್ಲಿ ಹಾಲಿನ ಪುಡಿ, ವೇ ಪುಡಿ ಅಥವಾ ಲ್ಯಾಕ್ಟೋಸ್ ಇರುವುದು ಮಾಮೂಲಿ. ವೇ ಎಂದರೆ ಹಾಲು ಒಡೆದಾಗ ಉಳಿಯುವ ನೀರು. ಅದರ ಪುಡಿ ಅಗ್ಗ, ರುಚಿಗೆ ಮೈಕಟ್ಟು ಕೊಡುತ್ತದೆ. ಹೆಸರಿನಲ್ಲಿ ಚೀಸ್ ಇಲ್ಲ ಅಂತ ಹಾಲಿಲ್ಲ ಎಂದು ನಂಬಬೇಡಿ. ಇಲ್ಲಿ ಲೇಬಲ್ ನಿಯಮದ ಒಂದು ಸಂದೂ ಇದೆ: ಹಲವು ಪದಾರ್ಥ ಸೇರಿದ ಮಿಶ್ರಣ ಒಟ್ಟು ತಿಂಡಿಯ ಶೇ. 5ಕ್ಕಿಂತ ಕಡಿಮೆಯಿದ್ದರೆ, ಸೇರ್ಪಡೆಗಳನ್ನು ಬಿಟ್ಟು ಅದರೊಳಗಿನ ಪದಾರ್ಥಗಳನ್ನು ಬಿಡಿಸಿ ಬರೆಯಬೇಕಾಗಿಲ್ಲ. 100 ಕೆ.ಜಿ. ಚಿಪ್ಸಿಗೆ ನಾಲ್ಕೂವರೆ ಕೆ.ಜಿ. ಮಸಾಲೆ, ಅದರಲ್ಲಿ ಐದರಲ್ಲೊಂದು ಪಾಲು ವೇ ಇದ್ದರೆ 900 ಗ್ರಾಂ ಹಾಲಿನಂಶ ಒಳಗೆ ಬಂತು, ಪಟ್ಟಿಯಲ್ಲಿ "ಮಸಾಲೆ ಮಿಶ್ರಣ" ಎಂದಷ್ಟೇ ಇದ್ದೀತು. ಅಲರ್ಜಿಯ ಸಾಲಿನಲ್ಲಿ ಹಾಲು ಎಂದು ಬರೆಯಲೇಬೇಕು ಎಂಬುದು ನಮಗೆ ಆಸರೆ. ಹಾಗಾಗಿ ಮಸಾಲೆ ಚೀಲದಲ್ಲಿ ಮೊದಲು ಓದಬೇಕಾದ್ದು ಪದಾರ್ಥಪಟ್ಟಿಯನ್ನಲ್ಲ, ಅಲರ್ಜಿಯ ಸಾಲನ್ನು.

ಸಂಖ್ಯೆಯಲ್ಲಿ ಬರೆದ ಸೇರ್ಪಡೆಗಳನ್ನು ಮೂರು ಗುಂಪು ಮಾಡಿ ಗೋಡೆಗೆ ಅಂಟಿಸಿದ್ದೇವೆ. ಬೇಡವೇ ಬೇಡ ಎಂಬುವು: ಐಎನ್‌ಎಸ್ 120, ಒಂದು ಜಾತಿಯ ಹುಳದಿಂದ ಬರುವ ಕೆಂಪು ಬಣ್ಣ, 901 ಜೇನುಮೇಣ, 904 ಅರಗು, 542 ಎಲುಬಿನ ಫಾಸ್ಫೇಟ್. ಎರಡು ಕಡೆಯಿಂದಲೂ ಬರಬಹುದಾದ, ಕೇಳಿ ತಿಳಿಯಬೇಕಾದವು: 471, ಇದು ಎಣ್ಣೆಯಿಂದಲೂ ಆಗುತ್ತದೆ, ಪ್ರಾಣಿಯ ಕೊಬ್ಬಿನಿಂದಲೂ, 322 ಲೆಸಿಥಿನ್, ಸೋಯಾದ್ದೂ ಇದೆ ಮೊಟ್ಟೆಯದ್ದೂ ಇದೆ, ಚಿಪ್ಸ್ ಮಸಾಲೆಯಲ್ಲಿ ಕಾಣುವ 631, ಹುದುಗಿನಿಂದ ತೆಗೆದದ್ದೂ ಇದೆ, ಮೀನು ಮಾಂಸದಿಂದ ತೆಗೆದದ್ದೂ ಇದೆ, 920 ಸಿಸ್ಟೀನ್, ಹಕ್ಕಿಯ ಗರಿಯಿಂದಲೂ ಬರುತ್ತದೆ. ಉಳಿದದ್ದು ನಿಶ್ಚಿಂತೆಯ ಗುಂಪು, 415 ಕ್ಸಾಂಥನ್ ಗಮ್, 440 ಪೆಕ್ಟಿನ್ ಮುಂತಾದವು. ಡಿ ವಿಟಮಿನ್ ಇನ್ನೊಂದು ಕಡೆಯಿಂದ ನುಸುಳುತ್ತದೆ. ಪ್ಲಸ್ ಎಫ್ ಗುರುತಿನ ಎಣ್ಣೆಗೆ ಎ ಮತ್ತು ಡಿ ವಿಟಮಿನ್ ಸೇರಿಸಿರುತ್ತಾರೆ. ಡಿ3 ಸಾಮಾನ್ಯವಾಗಿ ತಯಾರಾಗುವುದು ಕುರಿಯ ಉಣ್ಣೆಯ ಜಿಡ್ಡಿನಿಂದ. ಕಲ್ಲುಹೂವಿನಿಂದ ಬಂದದ್ದೂ ಉಂಟು. ಗಾಣದ ತೆಂಗಿನೆಣ್ಣೆಗೆ ಈ ಪ್ರಶ್ನೆ ಇಲ್ಲ. ತೆಂಗಿನೆಣ್ಣೆ ದುಬಾರಿಯಾದ ದಿನಗಳಲ್ಲಿ ಪಾಮ್ ಎಣ್ಣೆಗೆ ತಿರುಗುವ ಘಟಕಗಳು ಮಾತ್ರ ಕೇಳಲೇಬೇಕು.

ಸರಕು ಕೊಡುವವರಿಂದ ಪತ್ರ ತರಿಸುವುದು ಅತಿ ಬೇಸರದ ಹಂತ. "ನಮ್ಮ ಉತ್ಪನ್ನ ಶುದ್ಧ ಸಸ್ಯಾಹಾರಿ" ಎಂದು ಮೊಹರು ಹಾಕಿದ ಕಾಗದ ಬರುತ್ತದೆ. ಅದು ಹಸಿರು ಚುಕ್ಕಿಗೆ ಸಾಕು, ಇದಕ್ಕೆ ಸಾಲದು. ಬೇಕಾದ್ದು ನಾಲ್ಕು ವಾಕ್ಯ: ಹಾಲು, ಜೇನು ಸಹಿತ ಪ್ರಾಣಿಮೂಲದ ಪದಾರ್ಥ ಇಲ್ಲ, ವಾಹಕ ಮತ್ತು ಸಹಾಯಕ ವಸ್ತುಗಳಲ್ಲೂ ಇಲ್ಲ, ಅದೇ ಯಂತ್ರದಲ್ಲಿ ಹಾಲಿನ ಪದಾರ್ಥ ಓಡುತ್ತದೆಯೇ ಇಲ್ಲವೇ, ಓಡುವುದಾದರೆ ನಡುವೆ ಹೇಗೆ ತೊಳೆಯುತ್ತಾರೆ, ಸೂತ್ರ ಬದಲಾಯಿಸಿದರೆ ಮೊದಲೇ ತಿಳಿಸುತ್ತಾರೆ. ಈ ನಾಲ್ಕನ್ನು ನಾವೇ ಟೈಪ್ ಮಾಡಿ ಕಳಿಸಿ, ಅವರ ಲೆಟರ್‌ಹೆಡ್ಡಿನಲ್ಲಿ ಸಹಿ ಮಾಡಿಸಿಕೊಂಡರೆ ಕೆಲಸ ಬೇಗ ಆಗುತ್ತದೆ. ಮೂರನೆಯ ವಾಕ್ಯ ಕಂಡಾಗ ಹಿಂದೇಟು ಹಾಕುವವರು ಬಹಳ. ಹಾಗೆ ಹಿಂದೇಟು ಹಾಕಿದ್ದೇ ಉತ್ತರ, ಬೇರೆ ಅಂಗಡಿ ನೋಡಬೇಕು.

ಈಗ ತೊಳೆಯುವ ಕೆಲಸ. ಹಾಲಿನ ಸಿಹಿಗೆ ಬೇರೆ ಕೋಣೆ, ವೀಗನ್ ತಿಂಡಿಗೆ ಬೇರೆ ಕೋಣೆ ಇಡುವಷ್ಟು ಅನುಕೂಲ ಸಣ್ಣ ಘಟಕಕ್ಕಿರುವುದಿಲ್ಲ. ನಿಯಮವೂ ಬೇರೆ ಕೋಣೆ ಕೇಳುವುದಿಲ್ಲ. ಅದೇ ಸಾಲಿನಲ್ಲಿ ಎರಡೂ ಆಗುವುದಾದರೆ ವೀಗನ್ ತಯಾರಿಗೆ ಮುನ್ನ ಯಂತ್ರ, ಪಾತ್ರೆ, ಮೇಜು ಎಲ್ಲವನ್ನೂ ಪೂರ್ತಿ ಶುಚಿ ಮಾಡಬೇಕು ಎನ್ನುತ್ತದೆ. ಪೂರ್ತಿ ಎಂದರೆ ಹೇಗೆ ಎಂಬುದು ಘಟಕಕ್ಕೆ ಬಿಟ್ಟದ್ದು, ಆದ್ದರಿಂದ ವಿಧಾನ ಬರೆದಿಡಬೇಕು.

ಹಾಲಿನ ಪ್ರೋಟೀನು ಮತ್ತು ತುಪ್ಪ ಎರಡೂ ಒಂದೇ ಬಗೆಯಲ್ಲಿ ಹೋಗುವುದಿಲ್ಲ. ಹಾಲು ತಾಗಿದ ಪಾತ್ರೆಗೆ ಮೊದಲೇ ಕುದಿನೀರು ಹೊಯ್ದರೆ ಪ್ರೋಟೀನು ಲೋಹಕ್ಕೆ ಅಂಟಿ ಗಟ್ಟಿಯಾಗುತ್ತದೆ, ಮತ್ತೆ ಎಷ್ಟು ತಿಕ್ಕಿದರೂ ತೆಳುಪೊರೆ ಉಳಿಯುತ್ತದೆ. ಮೊದಲು 40ರಿಂದ 45 ಡಿಗ್ರಿಯ ಉಗುರುಬೆಚ್ಚನೆ ನೀರು, ನಂತರ 70 ಡಿಗ್ರಿಯ ಆಸುಪಾಸಿನ ಕ್ಷಾರದ ನೀರು, ಆಮೇಲೆ ಸಾದಾ ನೀರು. ತುಪ್ಪಕ್ಕೆ ತಣ್ಣೀರು ತಾಗಿಸಲೇಬಾರದು, ಹೆಪ್ಪುಗಟ್ಟಿ ಮೂಲೆ ಸೇರುತ್ತದೆ. ಅದಕ್ಕೆ ಬಿಸಿ ಕ್ಷಾರವೇ ಮೊದಲು. ಕರಿಯುವ ಬಾಣಲೆಯ ಹಳೆ ಎಣ್ಣೆ ಬಸಿದು, ಲೀಟರಿಗೆ 10ರಿಂದ 20 ಗ್ರಾಂ ಲೆಕ್ಕದಲ್ಲಿ ಕಾಸ್ಟಿಕ್ ಸೋಡಾ ಕರಗಿಸಿದ ನೀರು ತುಂಬಿ ಅರ್ಧ ಗಂಟೆ ಕುದಿಸಿ, ಚೆಲ್ಲಿ, ತಿಕ್ಕಿ, ಎರಡು ಸಲ ತೊಳೆದು, ಮೂರನೆಯ ನೀರಿಗೆ ಸ್ವಲ್ಪ ಸಿಟ್ರಿಕ್ ಆಮ್ಲ ಹಾಕಿ ತೊಳೆದು, ಪಿಎಚ್ ಕಾಗದದಲ್ಲಿ 7ರ ಹತ್ತಿರ ಬರುವವರೆಗೆ ಮತ್ತೆ ಸಾದಾ ನೀರು. ಸೋಡಾವನ್ನು ನೀರಿಗೆ ಹಾಕಬೇಕು, ಸೋಡಾದ ಮೇಲೆ ನೀರು ಹೊಯ್ಯಬಾರದು, ಸಿಡಿಯುತ್ತದೆ. ಕೈಗವಸು, ಕನ್ನಡಕ ಬಿಟ್ಟು ಯಾರೂ ಹತ್ತಿರ ಹೋಗಕೂಡದು. ಇದೆಲ್ಲ ಸ್ಟೀಲಿನ ಬಾಣಲೆಗೆ. ಅಲ್ಯುಮಿನಿಯಮ್ಮಿಗೆ ಕಾಸ್ಟಿಕ್ ತಾಗಿದರೆ ನೊರೆಯೆದ್ದು ಪಾತ್ರೆ ಕಪ್ಪಾಗಿ ಗುಳಿ ಬೀಳುತ್ತದೆ. ಅಲ್ಯುಮಿನಿಯಮ್ ತಟ್ಟೆಗಳಿದ್ದರೆ ಅವನ್ನು ತುಪ್ಪದ ಕೆಲಸಕ್ಕೇ ಬಿಟ್ಟು, ವೀಗನ್ ತಿಂಡಿಗೆ ಹೊಸ ಸ್ಟೀಲ್ ತಟ್ಟೆ ತರುವುದು ಲಾಭ. ಹಿತ್ತಾಳೆ ಉರುಳಿಗೂ ಕಾಸ್ಟಿಕ್ ಬೇಡ, ಅದಕ್ಕೆ ಬಿಸಿ ಸಾಬೂನುನೀರು ಮತ್ತು ಹುಳಿ.

ಮರದ ಸಟ್ಟುಗ, ಮರದ ಅಚ್ಚು, ಹಪ್ಪಳ ಒತ್ತುವ ಮಣೆ ತುಪ್ಪವನ್ನು ಕುಡಿದಿರುತ್ತವೆ. ಬಿಸಿ ತಾಗಿದಾಗ ಅದನ್ನು ಬಿಡುತ್ತವೆ. ಇವುಗಳನ್ನು ತೊಳೆದು ಒಪ್ಪಿಸುವುದಕ್ಕಾಗುವುದಿಲ್ಲ, ಬೇರೆ ಜೊತೆಯೇ ಬೇಕು. ಸೋಸುವ ಬಟ್ಟೆ, ಬ್ರಶ್, ಮಿಕ್ಸಿಯ ರಬ್ಬರು, ಮಸಾಲೆ ಉರುಳಿಸುವ ಡ್ರಮ್ಮಿನ ಒಳಗಿನ ರೆಕ್ಕೆ, ಪ್ಯಾಕಿಂಗ್ ಯಂತ್ರದ ಲಾಳಿಕೆ, ಇವೆಲ್ಲ ಹೆಸರಿಟ್ಟು ಪಟ್ಟಿ ಮಾಡದಿದ್ದರೆ ತೊಳೆಯುವವರು ಮರೆಯುತ್ತಾರೆ. ಡ್ರಮ್ಮಿಗೆ ನೀರು ಹಾಕುವುದೂ ಕಷ್ಟ, ತೇವ ಉಳಿದರೆ ಮುಂದಿನ ಚಿಪ್ಸ್ ಮೆತ್ತಗಾಗುತ್ತದೆ. ಅದನ್ನು ಒಣಬಟ್ಟೆಯಿಂದ ಒರೆಸಿ, ವ್ಯಾಕ್ಯೂಮಿನಿಂದ ಎಳೆದು, ನಾಲ್ಕೈದು ಕೆ.ಜಿ. ಒರಟು ಉಪ್ಪು ಹಾಕಿ ಓಡಿಸಿ, ಆ ಉಪ್ಪನ್ನು ವೀಗನ್ ಅಲ್ಲದ ತಿಂಡಿಯ ಕಡೆಗೆ ತೆಗೆದಿಡಬೇಕು. ಜಿಡ್ಡು ಹೋಯಿತೇ ಎಂದು ನೋಡಲು ಕಾಸಿನ ಖರ್ಚಿಲ್ಲದ ಪರೀಕ್ಷೆಯೊಂದಿದೆ: ತೊಳೆದ ಪಾತ್ರೆಯ ಮೇಲೆ ಸಾದಾ ನೀರು ಬಿಡಿ. ಒಂದೇ ಹಾಳೆಯಂತೆ ಹರಿದರೆ ಶುಚಿ. ಕೆಸುವಿನೆಲೆಯ ಮೇಲಿನ ಹಾಗೆ ಹನಿಹನಿ ನಿಂತರೆ ಜಿಡ್ಡು ಉಳಿದಿದೆ.

ಇಷ್ಟೂ ಕೆಲಸವನ್ನು ಅರ್ಧಕ್ಕಿಳಿಸುವುದು ತಯಾರಿಯ ಸರದಿ. ಬೆಳಗ್ಗೆ ಮೊದಲು ವೀಗನ್, ಮಧ್ಯಾಹ್ನದ ಮೇಲೆ ತುಪ್ಪ, ಹಾಲಿನವು, ರಾತ್ರಿ ದೊಡ್ಡ ತೊಳೆತ. ಈ ಸರದಿ ಕೆಡುವುದು ಓಣಂ ಹತ್ತಿರ ಬಂದಾಗ. ನೇಂದ್ರ ಚಿಪ್ಸಿಗೂ ಶರ್ಕರ ಉಪ್ಪೇರಿಗೂ ಬೇಡಿಕೆ ಏರಿ, ಬಾಣಲೆ ಆರಲು ಬಿಡುವಿಲ್ಲ, ಹೊರಗಿನಿಂದ ಬಂದ ಕೈಗಳಿಗೆ ಯಾವ ಸಟ್ಟುಗ ಯಾವುದಕ್ಕೆಂದು ಗೊತ್ತಿಲ್ಲ, ಮಸಾಲೆ ಮುಗಿದರೆ ಪೇಟೆಯಿಂದ ಸಿಕ್ಕಿದ್ದನ್ನು ತರುತ್ತಾರೆ. ಆ ವಾರಗಳಲ್ಲಿ ವೀಗನ್ ಪೊಟ್ಟಣ ತುಂಬುವುದನ್ನೇ ನಿಲ್ಲಿಸಿ, ಮುಂಚೆ ತುಂಬಿಟ್ಟ ದಾಸ್ತಾನಿನಿಂದ ಕೊಡುವುದು ನಮ್ಮ ಮಟ್ಟಿಗೆ ಸರಿಯಾದ ದಾರಿ. ಸಟ್ಟುಗದ ಹಿಡಿಗೆ ಹಸಿರು ಟೇಪು ಸುತ್ತುವುದು ಭಾಷೆ ಬಾರದವರಿಗೂ ಅರ್ಥವಾಗುತ್ತದೆ.

ಲ್ಯಾಬ್ ಪರೀಕ್ಷೆಯ ಮೇಲೆ ಬಹಳ ಭರವಸೆ ಇಡುವವರಿದ್ದಾರೆ. ಎನ್‌ಎಬಿಎಲ್ ಮಾನ್ಯತೆಯ ಲ್ಯಾಬಿನಲ್ಲಿ ಎಲೈಸಾ ಎಂಬ ಪ್ರೋಟೀನ್ ಪರೀಕ್ಷೆ ಮಾಡಿಸಿದರೆ ಕೇಸಿನ್, ವೇ ಪ್ರೋಟೀನುಗಳು ಹತ್ತು ಲಕ್ಷದಲ್ಲಿ ಕೆಲವೇ ಪಾಲು ಇದ್ದರೂ ಸಿಕ್ಕಿಬೀಳುತ್ತವೆ. ಆದರೆ ಅದು ಹುಡುಕುವುದು ಪ್ರೋಟೀನನ್ನು. ತುಪ್ಪದಲ್ಲಿ ಪ್ರೋಟೀನು ಇಲ್ಲವೆನ್ನುವಷ್ಟು ಕಡಿಮೆ, ತುಪ್ಪ ಸವರಿದ ತಟ್ಟೆಯ ಹಲ್ವ ಎಲೈಸಾದಲ್ಲಿ ಪಾಸಾಗುತ್ತದೆ. ಪಾತ್ರೆ ಒರೆಸಿ ನೋಡುವ ಪ್ರೋಟೀನ್ ಸ್ವಾಬಿನದೂ ಅದೇ ಮಿತಿ. ತುಪ್ಪಕ್ಕೆ ಹಳೆಯ ಪರೀಕ್ಷೆ ಆರ್‌ಎಂ ಮೌಲ್ಯ, ಜಿಡ್ಡಿನಲ್ಲಿ ಆವಿಯಾಗುವ ಆಮ್ಲಗಳ ಅಳತೆ. ತೆಂಗಿನೆಣ್ಣೆಗೆ ತನ್ನದೇ ಆರ್‌ಎಂ ಮೌಲ್ಯ 6ರಿಂದ 8.5ರಷ್ಟು ಇರುವುದರಿಂದ ನಮ್ಮ ತಿಂಡಿಯಲ್ಲಿ ಒಂದು ಚಮಚ ತುಪ್ಪ ಅದರಡಿ ಅಡಗಿಬಿಡುತ್ತದೆ. ಕೊಲೆಸ್ಟರಾಲ್ ಅಳೆಯುವುದು ಇದಕ್ಕಿಂತ ಮೇಲು, ತುಪ್ಪದಲ್ಲಿ 100 ಗ್ರಾಂಗೆ ಸುಮಾರು 250 ಮಿಲಿಗ್ರಾಂ ಇರುತ್ತದೆ, ಗಿಡದ ಎಣ್ಣೆಯಲ್ಲಿ ಇಲ್ಲವೆಂಬಷ್ಟು. ಆದರೂ ಲೆಕ್ಕ ಹಾಕಿ: ಒಂದು ಕೆ.ಜಿ. ಹಲ್ವಕ್ಕೆ ತಟ್ಟೆಯಿಂದ ಹತ್ತಿದ ತುಪ್ಪ 2 ಗ್ರಾಂ ಎಂದರೆ ಕೊಲೆಸ್ಟರಾಲ್ 5 ಮಿಲಿಗ್ರಾಂ. ಅಷ್ಟನ್ನು ಖಚಿತವಾಗಿ ಹೇಳುವ ವರದಿ ಸುಲಭಕ್ಕೆ ಸಿಗುವುದಿಲ್ಲ. ತುಪ್ಪದ ವಿಷಯದಲ್ಲಿ ಸಾಕ್ಷಿ ಎಂದರೆ ಅಡುಗೆಮನೆಯ ದಾಖಲೆಯೇ. ಯಾವ ಬ್ಯಾಚು, ಯಾವ ಪಾತ್ರೆ, ಯಾವಾಗ ತೊಳೆದದ್ದು, ಯಾರು ನೋಡಿದ್ದು.

ಅರ್ಜಿಗೆ ಬರೋಣ. ಗುರುತನ್ನು ನಾವೇ ಜಾಲದಿಂದ ಇಳಿಸಿಕೊಂಡು ಅಚ್ಚು ಹಾಕುವಂತಿಲ್ಲ, ಪ್ರಾಧಿಕಾರದ ಒಪ್ಪಿಗೆ ಬೇಕು. ಪರವಾನಗಿಯ ವ್ಯವಹಾರವೆಲ್ಲ ನಡೆಯುವುದು ಪ್ರಾಧಿಕಾರದ ಫಾಸ್ಕಾಸ್ ಜಾಲತಾಣದಲ್ಲಿ. ಕೂರುವ ಮುಂಚೆ ಕೈಯಲ್ಲಿರಬೇಕಾದ್ದು: ಉತ್ಪನ್ನವಾರು ಪದಾರ್ಥಪಟ್ಟಿ, ಪ್ರತಿಯೊಂದರ ಮೂಲ, ಸೇರ್ಪಡೆ, ಸಹಾಯಕ ವಸ್ತುಗಳ ಪ್ರತ್ಯೇಕ ಪಟ್ಟಿ, ತಯಾರಿಯ ಹಂತಗಳ ನಕ್ಷೆ, ತೊಳೆಯುವ ವಿಧಾನ, ಸರಕಿನವರ ಪತ್ರಗಳು, ಪ್ರಾಣಿ ಪರೀಕ್ಷೆ ಮಾಡಿಸಿಲ್ಲ ಎಂಬ ಹೇಳಿಕೆ, ಲೇಬಲಿನ ಕರಡು. ಅರ್ಜಿಗಳು ಪ್ರಶ್ನೆ ಹೊತ್ತು ಹಿಂದಕ್ಕೆ ಬರುವುದು ಹೆಚ್ಚಾಗಿ ಹೆಸರುಗಳು ತಾಳೆಯಾಗದೆ. ಪರವಾನಗಿಯಲ್ಲಿ "ಬನಾನಾ ಚಿಪ್ಸ್", ಲೇಬಲಿನಲ್ಲಿ "ನೇಂದ್ರ ಉಪ್ಪೇರಿ", ಪತ್ರದಲ್ಲಿ ಮತ್ತೊಂದು ಎಂದಾದರೆ ಅಧಿಕಾರಿ ಕೇಳದೆ ಇರುತ್ತಾರೆಯೇ? "ಅನುಮತಿಸಿದ ಸುವಾಸನೆ" ಎಂದಷ್ಟೇ ಬರೆದು ಅದರ ವಾಹಕ ಯಾವುದೆಂದು ಹೇಳದಿದ್ದರೂ ಅಷ್ಟೇ. ಒಂದೊಂದು ತಿಂಡಿಗೂ ಕಾಗದಗಳನ್ನು ಬೇರೆಬೇರೆ ಜೋಡಿಸಿ. ಚಿಪ್ಸಿನ ಫೈಲಿನಿಂದ ಪೆರಟಿಯ ಕೆಲಸ ಆಗುವುದಿಲ್ಲ.

ಒಪ್ಪಿಗೆ ಕೈಗೆ ಬರುವವರೆಗೆ ಪೌಚು ಅಚ್ಚು ಹಾಕುವ ಸಿಲಿಂಡರ್ ಕೆತ್ತಿಸಬಾರದು. ಬಣ್ಣಕ್ಕೊಂದು ಸಿಲಿಂಡರ್, ಪ್ರೆಸ್ಸಿನವರು ಕನಿಷ್ಠ ಇಷ್ಟು ಕೆ.ಜಿ. ಹಾಳೆ ಎಂದು ಹಿಡಿಯುತ್ತಾರೆ, ಒಂದು ಸಾಲು ಬದಲಾದರೆ ಅಷ್ಟೂ ಗುಜರಿಗೆ. ವೀಗನ್ ಗುರುತು ಹಸಿರು ಚುಕ್ಕಿಯ ಬದಲಿಗೆ ಅಲ್ಲ, ಎರಡೂ ಇರುತ್ತವೆ. ಹಸಿರಿನ ವಿ ಅಕ್ಷರ, ಅದರೊಳಗೆ ಚಿಗುರು, ಕೆಳಗೆ ವೀಗನ್ ಎಂಬ ಪದ. ಆಕಾರ, ಬಣ್ಣ ನಿಯಮದಲ್ಲಿ ಕೊಟ್ಟಂತೆಯೇ ಇರಬೇಕು, ಬ್ರ್ಯಾಂಡಿನ ಬಣ್ಣಕ್ಕೆ ಹೊಂದಿಸುವಂತಿಲ್ಲ. ಚುಕ್ಕಿಯ ಅಳತೆ ಪೊಟ್ಟಣದ ಮುಖದ ವಿಸ್ತೀರ್ಣದ ಮೇಲೆ ಹೋಗುತ್ತದೆ. 14 ಸೆಂ.ಮೀ. ಅಗಲ, 20 ಸೆಂ.ಮೀ. ಉದ್ದದ ಪೌಚೆಂದರೆ 280 ಚದರ ಸೆಂ.ಮೀ., ಅದು 100ರಿಂದ 500ರ ಸಾಲಿಗೆ ಬರುತ್ತದೆ: ಚುಕ್ಕಿಯ ವ್ಯಾಸ ಕನಿಷ್ಠ 4 ಮಿ.ಮೀ., ಚೌಕದ ಬದಿ 8 ಮಿ.ಮೀ. 100ರ ಒಳಗಿನ ಸಣ್ಣ ಪೊಟ್ಟಣಕ್ಕೆ 3 ಮತ್ತು 6.

ಲೇಬಲ್ ಇಂಗ್ಲಿಷಿನಲ್ಲೋ ದೇವನಾಗರಿಯ ಹಿಂದಿಯಲ್ಲೋ ಇರಲೇಬೇಕು. ಕನ್ನಡ, ಮಲಯಾಳಗಳನ್ನು ಜೊತೆಗೆ ಹಾಕಬಹುದು, ಆದರೆ ಅವು ಬೇರೆ ಸಂಗತಿ ಹೇಳಬಾರದು. ಕಾಯಿಹಾಲನ್ನು ಹಾಲು ಎಂದು ಕರೆಯಬಹುದೇ ಎಂಬ ಅನುಮಾನ ಬೇಡ. ಗಿಡಮೂಲದ ಪಾನೀಯಕ್ಕೆ ಹಾಲಿನ ಹೆಸರುಗಳನ್ನು ಎಫ್‌ಎಸ್‌ಎಸ್‌ಎಐ ತಡೆದಿದೆ ನಿಜ, ತೆಂಗಿನ ಹಾಲಿನಂಥ ರೂಢಿಯ ಹೆಸರಿಗೆ ಅಡ್ಡಿಯಿಲ್ಲ. ಅದೇ ಕಾಯಿಹಾಲಿನಿಂದ ಮೊಸರೋ ಪನೀರೋ ಮಾಡಿ ಆ ಹೆಸರು ಇಟ್ಟರೆ ಮಾತ್ರ ನೋಟಿಸು ಬರುತ್ತದೆ.

ವೀಗನ್ ಗುರುತನ್ನು ಅಲರ್ಜಿಯವರಿಗೆ ಕೊಟ್ಟ ಭರವಸೆ ಎಂದು ಬರೆಯಬೇಡಿ, ಬಾಯಲ್ಲೂ ಹೇಳಬೇಡಿ. ಅದು ಬೇಕೆಂದು ಹಾಕಿದ ಪದಾರ್ಥದ ಬಗ್ಗೆ ಹೇಳುತ್ತದೆ. ಅರಿಯದೆ ಬೆರೆತ ಕಣದ ಬಗ್ಗೆ ಅಲರ್ಜಿಯ ಸಾಲೇ ಹೇಳಬೇಕು. ಬ್ರಿಟನ್ನಿನಲ್ಲಿ ವೀಗನ್ ಗುರುತೂ "ಹಾಲಿನ ಅಂಶ ಇರಬಹುದು" ಎಂಬ ಎಚ್ಚರಿಕೆಯೂ ಒಂದೇ ಪೊಟ್ಟಣದಲ್ಲಿ ಕಾಣುವುದುಂಟು. ಅದು ಸುಳ್ಳಲ್ಲ. ಆದರೂ ಆ ಎಚ್ಚರಿಕೆ ಬರೆಯುವ ಅಗತ್ಯ ಬಿದ್ದರೆ ನಮ್ಮ ತೊಳೆತ ಸಾಲದೆಂದು ನಾವು ತಿಳಿಯುತ್ತೇವೆ. ಹಪ್ಪಳ, ಉಪ್ಪಿನಕಾಯಿಗೆ ಹಾಕುವ ಇಂಗು ಇನ್ನೊಂದು ಉದಾಹರಣೆ: ಪೇಟೆಯ ಇಂಗಿನಲ್ಲಿ ಹೆಚ್ಚಾಗಿ ಗೋಧಿಹಿಟ್ಟು ಇರುತ್ತದೆ. ವೀಗನ್‌ಗೆ ಅಡ್ಡಿಯಿಲ್ಲ, ಅಲರ್ಜಿಯ ಸಾಲಿನಲ್ಲಿ ಗೋಧಿ ಬರಲೇಬೇಕು.

ಹೊರದೇಶಕ್ಕೆ ಕಳಿಸುವುದಾದರೆ ಈ ಗುರುತೊಂದೇ ಸಾಲದು. ಯುರೋಪಿನ 2011ರ ಆಹಾರ ಮಾಹಿತಿ ಕಾನೂನು ವೀಗನ್ ಪದದ ಬಗ್ಗೆ ನಿಯಮ ಮಾಡಬೇಕೆಂದು ಹೇಳಿ ಹಾಗೆಯೇ ಬಿಟ್ಟಿದೆ. ಆ ಖಾಲಿ ಜಾಗವನ್ನು ಖಾಸಗಿ ಗುರುತುಗಳು ತುಂಬಿವೆ. 1944ರಲ್ಲಿ ಹುಟ್ಟಿದ ಬ್ರಿಟನ್ನಿನ ವೀಗನ್ ಸೊಸೈಟಿಯ ಗುರುತು 1990ರಿಂದ ಇದೆ, ಯುರೋಪಿನಲ್ಲಿ ವಿ-ಲೇಬಲ್ ಇದೆ. ಎರಡಕ್ಕೂ ಶುಲ್ಕ ಕಟ್ಟಬೇಕು. ಐಎಸ್‌ಒ 23662 ಎಂಬ 2021ರ ಮಾನದಂಡವೂ ಉಂಟು. ಅದು ಪ್ಯಾಕಿಂಗ್ ವಸ್ತುವಿನ ಗೋಜಿಗೆ ಹೋಗುವುದಿಲ್ಲ. ತೋಟಕ್ಕೆ ಹಟ್ಟಿಗೊಬ್ಬರ, ಎಲುಬಿನ ಪುಡಿ ಹಾಕಿದ್ದರ ಬಗ್ಗೆ ಒಬ್ಬಿಬ್ಬರು ಗಿರಾಕಿಗಳು ಕೇಳುತ್ತಾರೆ. ಗೊಬ್ಬರ ತಿಂಡಿಯ ಪದಾರ್ಥವೂ ಅಲ್ಲ, ತಯಾರಿಯ ಸಹಾಯಕವೂ ಅಲ್ಲ ಎಂಬ ಉತ್ತರ ಸಾಕು. ಗೊಬ್ಬರವೂ ಸಸ್ಯದ್ದೇ ಆಗಬೇಕೆನ್ನುವವರಿಗೆ ನಮ್ಮ ಕಡೆಯ ತೋಟಗಳ ಮಾಲು ಹೊಂದುವುದಿಲ್ಲ, ನೇರ ಹೇಳಿಬಿಡುವುದು ವಾಸಿ. ಥಾಯ್ಲೆಂಡಿನಲ್ಲಿ ಮಂಗಗಳಿಂದ ಕಾಯಿ ಕೊಯ್ಯಿಸುವ ಸುದ್ದಿ ಎದ್ದು, 2020ರಲ್ಲಿ ಬ್ರಿಟನ್ನಿನ ಕೆಲವು ಅಂಗಡಿಗಳು ಅಲ್ಲಿನ ತೆಂಗಿನ ಮಾಲು ತೆಗೆದುಹಾಕಿದ್ದವು. ಆಮೇಲೆ ತೆಂಗಿನ ಮಾಲು ಕೊಳ್ಳುವವರು ಮಂಗದ ದುಡಿಮೆಯಿಲ್ಲ ಎಂಬ ಪತ್ರ ಕೇಳುವುದುಂಟು. ಕಾಸರಗೋಡಿನಲ್ಲಿ ಮರ ಹತ್ತುವವರು ಸಿಗುವುದೇ ಕಷ್ಟ, ಇಲ್ಲಿನ ಮಂಗಗಳೋ ಬೊಂಡ ಕುಡಿದು ಚಿಪ್ಪು ಎಸೆಯುತ್ತವೆಯೇ ಹೊರತು ಕೊಯ್ದು ಕೊಡುವುದಿಲ್ಲ. ಆದರೂ ಪತ್ರ ಬರೆದುಕೊಡಬೇಕು.

ತೆಂಗಿನ ಮಾಲಿನಲ್ಲಿ ಕಡಿಮೆ ತಂಟೆಯದ್ದು ಕಾಯಿ ಚಿಪ್ಸ್ ಮತ್ತು ತೆಂಗಿನ ಹೊಂಬಾಳೆಯ ರಸವಾದ ಕಲ್ಪರಸದ ಸಕ್ಕರೆ. ಎರಡಕ್ಕೂ ಇಲ್ಲಿನ ಕೇಂದ್ರ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ, ಸಿಪಿಸಿಆರ್‌ಐ, ತಾಂತ್ರಿಕತೆ ಕೊಡುತ್ತದೆ. ಹೊಂಬಾಳೆಯ ರಸವನ್ನು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ತಣ್ಣಗೆ ಇಳಿಸುವುದರಿಂದ ಹಳೆ ಮಡಕೆಗಳಲ್ಲಿದ್ದಂತೆ ಜೇನ್ನೊಣ, ಇರುವೆ ಬೀಳುವುದೂ ತಪ್ಪುತ್ತದೆ. ಕುದಿಸುವಾಗ ನೊರೆ ತಗ್ಗಿಸಲು ಎರಡು ಹನಿ ತೆಂಗಿನೆಣ್ಣೆ ಸಾಕು.

ಅಂಗಡಿಗೆ ಹೋದ ಮೇಲೂ ಕೆಲಸ ಇದೆ. ವೀಗನ್ ಆಹಾರವನ್ನು ಬೇರೆಯದರಿಂದ ಗುರುತು ಹಿಡಿಯುವಂತೆ ಇಡಬೇಕೆಂದು ನಿಯಮ ಮಾರುವವರಿಗೂ ಹೇಳುತ್ತದೆ. ಕುಂಬಳೆ, ಉಪ್ಪಳದ ಅಂಗಡಿಗಳಲ್ಲಿ ಬೇರೆ ಕಪಾಟು ಕೇಳಿದರೆ ನಗುತ್ತಾರೆ. ನಾವೇ ಸಣ್ಣ ಸ್ಟ್ಯಾಂಡು ಕೊಟ್ಟರೆ ಇಡುತ್ತಾರೆ, ಒಂದು ವಾರದಲ್ಲಿ ಅದರ ಮೇಲೆ ಯಾರದ್ದೋ ತುಪ್ಪದ ಮೈಸೂರುಪಾಕು ಕೂತಿರುತ್ತದೆ. ಮಾಲು ಹಾಕಲು ಹೋಗುವವರು ಪ್ರತಿ ಸಲ ಅದನ್ನು ನೋಡಿ ಸರಿಮಾಡಬೇಕು. ಸಡಿಲವಾಗಿ ತೂಗಿ ಕೊಡುವ ಅಂಗಡಿಗೆ ವೀಗನ್ ಎಂದು ಹೇಳಿ ಮಾಲು ಕೊಡಲೇಬಾರದು, ಅಲ್ಲಿ ಚಮಚ ಒಂದೇ.

ಸರಕು ಕೊಡುವವರು ಬದಲಾದರೆ, ಎಣ್ಣೆ ಬದಲಾದರೆ, ಮಸಾಲೆಯ ಸೂತ್ರ ಬದಲಾದರೆ ಆ ಪದಾರ್ಥದ ಕಾಗದ ಮೊದಲಿನಿಂದ ಆಗಬೇಕು. ಆಗುವವರೆಗೆ ವೀಗನ್ ಪೌಚಿಗೆ ಆ ತಿಂಡಿ ತುಂಬುವಂತಿಲ್ಲ. ಇದಕ್ಕಾಗಿ ಸಾದಾ ಪೌಚುಗಳ ಒಂದು ಕಟ್ಟು ಯಾವಾಗಲೂ ಗೋದಾಮಿನಲ್ಲಿರಬೇಕು, ಇಲ್ಲದಿದ್ದರೆ ಕರಿದ ಚಿಪ್ಸ್ ತಣಿಯುತ್ತಿರುವಾಗ ಕೈಗೆ ಸಿಕ್ಕ ಪೌಚಿಗೇ ತುಂಬಿಬಿಡುತ್ತಾರೆ.